ಗುಣವಿದ್ದಲ್ಲಿ ದೋಷವೂ ಉಂಟು

‘ಸಂಪೂರ್ಣ ಗಿಡಮೂಲಿಕೆ, ಯಾವುದೇ ಅಡ್ಡ ಪರಿಣಾಮವಿಲ್ಲ.’ ಬೆಂಗಳೂರಿನ ಯಾವ ಔಷಧಿ ಅಂಗಡಿಯ ಕಪಾಟಿನ ಮುಂದೆ ನಿಂತರೂ ಈ ಅರ್ಥದ ಮಾತು ಹತ್ತಾರು ಡಬ್ಬಿಗಳ ಮೇಲೆ ಕಣ್ಣಿಗೆ ಬೀಳುತ್ತದೆ. ನಾವು ಅದನ್ನು ಓದುತ್ತೇವೆ, ಸಮಾಧಾನಪಡುತ್ತೇವೆ, ಹಣ ಕೊಟ್ಟು ಮನೆಗೆ ಒಯ್ಯುತ್ತೇವೆ. ಆದರೆ ಡಬ್ಬಿಯೊಳಗಿನ ವಸ್ತು ಔಷಧಿಯೂ ಹೌದು, ಅದರಿಂದ ಯಾರಿಗೂ ಎಂದೂ ತೊಂದರೆಯಿಲ್ಲ ಎಂಬುದೂ ಹೌದು ಎನ್ನುವುದು ಹೇಗೆ ಸಾಧ್ಯ? ದೇಹದ ಮೇಲೆ ಪರಿಣಾಮ ಬೀರುವ ಶಕ್ತಿ ಇರುವ ವಸ್ತುವಿಗೆ ಬೇಡದ ಪರಿಣಾಮ ಬೀರುವ ಶಕ್ತಿಯೂ ಇರುತ್ತದೆ. ಇಲ್ಲವೆಂದಾದರೆ ಅದು ಔಷಧಿಯೇ ಅಲ್ಲ. ಈ ಸರಳ ತರ್ಕವನ್ನು ನಮ್ಮ ವಿದ್ಯಾವಂತ ಮಧ್ಯಮ ವರ್ಗವೂ ಮರೆತಿದೆ ಎಂಬುದು ನನ್ನ ಆತಂಕ.

ಮೊದಲೇ ಸ್ಪಷ್ಟಪಡಿಸುತ್ತೇನೆ. ನನ್ನ ಮಾತು ಗಿಡಮೂಲಿಕೆಗಳ ವಿರುದ್ಧವಲ್ಲ. ಅವುಗಳನ್ನು ಗಂಭೀರವಾಗಿ ಪರಿಗಣಿಸಬೇಕೆಂಬ ಒತ್ತಾಯ ಮಾತ್ರ. ಸಸ್ಯಗಳಲ್ಲಿ ಏನೂ ಇಲ್ಲ, ಅದೆಲ್ಲ ಅಜ್ಜಿಯ ನಂಬಿಕೆ ಎಂದು ತಳ್ಳಿಹಾಕುವವರು ಇತಿಹಾಸವನ್ನು ಓದಿಲ್ಲ. ಸಸ್ಯಗಳಲ್ಲಿ ಎಲ್ಲವೂ ಇದೆ, ಅದೆಲ್ಲ ಅಮೃತವೇ ಎನ್ನುವವರೂ ಓದಿಲ್ಲ.

ನಮ್ಮ ಅಂಗಳದ ನಿತ್ಯಪುಷ್ಪವನ್ನೇ ನೋಡಿ. ಮೂಲತಃ ಮಡಗಾಸ್ಕರ್ ದ್ವೀಪದ ಈ ಗಿಡ ಇಂದು ನಮ್ಮ ಊರಿನ ಪ್ರತಿ ಬೀದಿಯಲ್ಲೂ ಹೂ ಬಿಡುತ್ತದೆ. ಇದು ಮಧುಮೇಹಕ್ಕೆ ಮದ್ದು ಎಂಬ ಜನಪದ ನಂಬಿಕೆಯ ಎಳೆ ಹಿಡಿದು 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಪರೀಕ್ಷೆ ನಡೆಸಿದರು. ಸಕ್ಕರೆಯ ಅಂಶ ಇಳಿಯಲಿಲ್ಲ. ಬದಲಾಗಿ ಪ್ರಾಣಿಗಳ ಬಿಳಿ ರಕ್ತಕಣಗಳು ಕುಸಿದವು. ಆ ಅನಿರೀಕ್ಷಿತ ಫಲದಿಂದ ವಿನ್‌ಬ್ಲಾಸ್ಟೀನ್ ಎಂಬ ಕ್ಯಾನ್ಸರ್ ನಿರೋಧಕ ಔಷಧಿ ದೊರೆಯಿತು. ಅದೇ ಗಿಡದಿಂದ ಅಮೆರಿಕದ ಔಷಧ ಸಂಸ್ಥೆಯೊಂದು ಪಡೆದ ವಿನ್‌ಕ್ರಿಸ್ಟೀನ್ ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಜೀವಕೋಶ ಇಬ್ಭಾಗವಾಗುವುದನ್ನು ತಡೆಯುವ ಈ ರಾಸಾಯನಿಕವನ್ನು ಇಂದಿಗೂ ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಕೈತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಅದು ಪ್ರಾಣಾಂತಿಕ. ಇದೇ ಗಿಡದ ಎಲೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ‘ಶುಗರಿಗೆ ಒಳ್ಳೆಯದು’ ಎಂದು ಜಗಿಯುವವರು ನಮ್ಮ ನಡುವೆ ಇದ್ದಾರೆ. ಒಂದು ಎಲೆಯಲ್ಲಿ ಆ ರಾಸಾಯನಿಕ ಅತ್ಯಲ್ಪ, ನಿಜ. ಆದರೆ ಎಷ್ಟು ಎಲೆ, ಎಷ್ಟು ದಿನ ಎಂಬ ಲೆಕ್ಕವನ್ನು ಇಟ್ಟವರು ಯಾರು?

ಸರ್ಪಗಂಧಿಯ ಕಥೆ ಇನ್ನೂ ಹತ್ತಿರದ್ದು, ಏಕೆಂದರೆ ಅದು ಭಾರತದ ವಿಜ್ಞಾನದ ಹೆಮ್ಮೆಯ ಅಧ್ಯಾಯ. ಉನ್ಮಾದಕ್ಕೂ ನಿದ್ರಾಹೀನತೆಗೂ ನಮ್ಮ ವೈದ್ಯರು ಬಳಸುತ್ತಿದ್ದ ಈ ಬೇರನ್ನು 1931ರಲ್ಲಿಯೇ ಭಾರತೀಯ ಸಂಶೋಧಕರು ರಾಸಾಯನಿಕವಾಗಿ ವಿಶ್ಲೇಷಿಸಿದ್ದರು. 1949ರಲ್ಲಿ ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅಧಿಕ ರಕ್ತದೊತ್ತಡದ ಮೇಲೆ ಇದರ ಪ್ರಭಾವವನ್ನು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಅನ್ನು ಬೇರ್ಪಡಿಸಿದರು. ನರತುದಿಗಳಲ್ಲಿ ಸಂಗ್ರಹವಾಗಿರುವ ಸಂದೇಶವಾಹಕ ರಾಸಾಯನಿಕಗಳನ್ನು ಬರಿದು ಮಾಡುವುದು ಅದರ ಕೆಲಸ. ರಕ್ತದೊತ್ತಡ ಇಳಿಯುವುದೂ ಅದರಿಂದಲೇ, ಕೆಲವು ರೋಗಿಗಳಲ್ಲಿ ಮೂಗು ಕಟ್ಟುವುದೂ ಮಂಕು ಕವಿಯುವುದೂ ಅದರಿಂದಲೇ. ಔಷಧಿಯನ್ನು ಸೇವಿಸಿದವರಲ್ಲಿ ಖಿನ್ನತೆ ಕಂಡುಬಂದ ವರದಿಗಳು ಆ ದಶಕದಲ್ಲೇ ಬಂದವು. ಗುಣ ಮತ್ತು ದೋಷ ಇಲ್ಲಿ ಎರಡು ವಸ್ತುಗಳಲ್ಲ. ಒಂದೇ ಅಣುವಿನ ಎರಡು ಮುಖಗಳು.

ಇದನ್ನು ನಮಗೆ ಪಾಶ್ಚಾತ್ಯರು ಕಲಿಸಬೇಕಾಗಿಲ್ಲ. ಆಯುರ್ವೇದಕ್ಕೆ ಇದು ಚೆನ್ನಾಗಿ ಗೊತ್ತಿತ್ತು. ವತ್ಸನಾಭಿಯ ಗೆಡ್ಡೆ ಕಡುವಿಷ. ಅದರಲ್ಲಿರುವ ಅಕೋನಿಟೈನ್ ಹೃದಯದ ಲಯವನ್ನೇ ಕೆಡಿಸುತ್ತದೆ. ಆದ್ದರಿಂದಲೇ ಗೋಮೂತ್ರದಲ್ಲಿಯೋ ಹಾಲಿನಲ್ಲಿಯೋ ಅದನ್ನು ಸಂಸ್ಕರಿಸುವ ಶೋಧನ ವಿಧಿಯನ್ನು ಶಾಸ್ತ್ರ ಕಡ್ಡಾಯ ಮಾಡಿತು. ಹೀಗೆ ಕುದಿಸಿದಾಗ ಅಕೋನಿಟೈನ್ ಒಡೆದು ಕಡಿಮೆ ವಿಷದ ಅಣುಗಳಾಗುತ್ತವೆ ಎಂಬುದನ್ನು ಇಂದಿನ ರಸಾಯನಶಾಸ್ತ್ರ ದೃಢಪಡಿಸಿದೆ. ಗೇರುಬೀಜದ ಬಂಧುವಾದ ಭಲ್ಲಾತಕಕ್ಕೂ ಅಂಥದೇ ಕಟ್ಟುನಿಟ್ಟು. ರೋಗಿಯ ಪ್ರಕೃತಿ, ವಯಸ್ಸು, ಋತು, ಪ್ರಮಾಣ, ಅನುಪಾನ ಇವೆಲ್ಲವನ್ನೂ ನೋಡಿ ಕೊಡಬೇಕಾದದ್ದು ಮದ್ದು ಎಂಬ ಎಚ್ಚರ ಆ ಪರಂಪರೆಯ ಜೀವಾಳ. ‘ಅಡ್ಡ ಪರಿಣಾಮವಿಲ್ಲ’ ಎಂಬ ಘೋಷಣೆ ಆಯುರ್ವೇದದ್ದಲ್ಲ, ಮಾರುಕಟ್ಟೆಯದು. ಶಾಸ್ತ್ರದ ಹೆಸರನ್ನು ಇಟ್ಟುಕೊಂಡು ಶಾಸ್ತ್ರದ ಎಚ್ಚರವನ್ನು ಕೈಬಿಟ್ಟಿರುವುದು ಈ ಉದ್ಯಮದ ದೊಡ್ಡ ವಂಚನೆ.

ಅರಿಶಿನದ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ ಪಡೆದಿದ್ದ ಪೇಟೆಂಟನ್ನು ನಮ್ಮ ಸಿಎಸ್‌ಐಆರ್ 1997ರಲ್ಲಿ ರದ್ದುಪಡಿಸಿದಾಗ ದೇಶವೇ ಸಂಭ್ರಮಿಸಿತು. ಸಂಭ್ರಮ ಸಹಜವೇ. ಆದರೆ ಮರುವರ್ಷ ಬೆಂಗಳೂರಿನಲ್ಲಿ ನಡೆದ ಒಂದು ಅಧ್ಯಯನ ನಮ್ಮಲ್ಲಿ ಅಷ್ಟು ಸುದ್ದಿಯಾಗಲಿಲ್ಲ. ಅರಿಶಿನದಲ್ಲಿ ಶೇ 2ರಿಂದ 5ರಷ್ಟಿರುವ ಕುರ್ಕುಮಿನ್ ಎಂಬ ಸಕ್ರಿಯ ವಸ್ತು ರಕ್ತಕ್ಕೆ ಸೇರುವುದು ತೀರ ಕಡಿಮೆ. ಕರುಳೂ ಯಕೃತ್ತೂ ಅದನ್ನು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕುರ್ಕುಮಿನ್ ಜೊತೆಗೆ ಕರಿಮೆಣಸಿನ ಪೈಪರಿನ್ ಅನ್ನು ಕೇವಲ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ದೊರೆಯುವ ಕುರ್ಕುಮಿನ್ ಪ್ರಮಾಣ ಶೇ 2000ದಷ್ಟು ಏರಿತು. 1998ರಲ್ಲಿ ಪ್ರಕಟವಾದ ಈ ಫಲಿತಾಂಶ ಮುಂದೆ ಜಗತ್ತಿನ ಪೂರಕ ಆಹಾರ ಉದ್ಯಮದ ಮಂತ್ರವೇ ಆಯಿತು. ಇಂದು ಅರಿಶಿನದ ಎಷ್ಟೋ ಮಾತ್ರೆಗಳಲ್ಲಿ ಮೆಣಸಿನ ಸಾರ ಇರುವುದು ಇದೇ ಕಾರಣಕ್ಕೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪೈಪರಿನ್ ಮಾಡುವುದೇನು? ಹೊರಗಿನ ವಸ್ತುಗಳನ್ನು ಕಳೆಯಲು ದೇಹ ಇಟ್ಟುಕೊಂಡಿರುವ ಕಾವಲನ್ನು ಅದು ಸಡಿಲಿಸುತ್ತದೆ. ಕಾವಲು ಸಡಿಲವಾದಾಗ ಒಳಬರುವುದು ಕುರ್ಕುಮಿನ್ ಒಂದೇ ಅಲ್ಲ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂಥ ಔಷಧಿಯ ಪ್ರಮಾಣವೂ ರಕ್ತದಲ್ಲಿ ಏರುವುದನ್ನು ಅಧ್ಯಯನಗಳು ತೋರಿಸಿವೆ. ಸಾರಿಗೆ ಒಂದು ಚಿಟಿಕೆ ಅರಿಶಿನ, ನಾಲ್ಕು ಮೆಣಸು ಹಾಕುವುದಕ್ಕೂ, ಸಾಂದ್ರೀಕರಿಸಿದ ಸಾರವನ್ನು ತಿಂಗಳುಗಟ್ಟಲೆ ನುಂಗುವುದಕ್ಕೂ ಅಜಗಜಾಂತರ. ಅಡುಗೆಮನೆಯ ಅರಿಶಿನಕ್ಕೆ ಸಾವಿರಾರು ವರ್ಷಗಳ ಸಾಕ್ಷ್ಯವಿದೆ. ಡಬ್ಬಿಯ ಅರಿಶಿನಕ್ಕೆ ಇಲ್ಲ. ಮೊದಲನೆಯದರ ಸಾಕ್ಷ್ಯವನ್ನು ಎರಡನೆಯದಕ್ಕೆ ಅಂಟಿಸಿ ಮಾರುವುದು ಸರಿಯಲ್ಲ. ಅಮೆರಿಕದಲ್ಲಿ ಔಷಧಜನ್ಯ ಯಕೃತ್ ಹಾನಿಯನ್ನು ದಾಖಲಿಸುವ ವೈದ್ಯರ ಜಾಲವು 2022ರಲ್ಲಿ ಅರಿಶಿನದ ಪೂರಕಗಳಿಗೆ ಸಂಬಂಧಿಸಿದ 10 ಪ್ರಕರಣಗಳನ್ನು ವರದಿ ಮಾಡಿತು. ಒಬ್ಬರು ಮೃತಪಟ್ಟಿದ್ದರು. ಅವರಲ್ಲಿ 7 ಮಂದಿಗೆ ಒಂದೇ ಬಗೆಯ ಆನುವಂಶಿಕ ಗುರುತು ಇತ್ತು. ಅಂದರೆ ಬಹುಜನರಿಗೆ ಏನೂ ಮಾಡದ ವಸ್ತು ಕೆಲವರ ಪಾಲಿಗೆ ಮಾತ್ರ ಅಪಾಯಕಾರಿ. ಕೋಟ್ಯಂತರ ಬಳಕೆದಾರರ ನಡುವೆ ಅದು ಅಪರೂಪ, ಒಪ್ಪುತ್ತೇನೆ. ಆದರೆ ಹುಡುಕಿದವರಿಗೆ ಮಾತ್ರ ಅದು ಕಂಡಿತು ಎಂಬುದನ್ನು ಮರೆಯಬಾರದು.

ಅಮೃತಬಳ್ಳಿಯ ವಿಷಯದಲ್ಲಿ ನಮ್ಮ ವ್ಯವಸ್ಥೆಯ ಪರೀಕ್ಷೆಯೇ ನಡೆಯಿತು. ಅದರಲ್ಲಿ ನಾವು ಉತ್ತೀರ್ಣರಾಗಲಿಲ್ಲ. ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರಿನಲ್ಲಿ ಹೊರಬಂದ ಆಯುಷ್ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಅಮೃತಬಳ್ಳಿಯ ಘನವಟಿಗೂ ಸ್ಥಾನವಿತ್ತು. ಭಯದ ದಿನಗಳವು, ಕಾಂಪೌಂಡಿನ ಬಳ್ಳಿ ರಾತ್ರೋರಾತ್ರಿ ಸಂಜೀವಿನಿಯಾಯಿತು. 2021ರಲ್ಲಿ ಮುಂಬೈಯ ವೈದ್ಯರು ಇದನ್ನು ಸೇವಿಸಿದ 6 ಮಂದಿಯಲ್ಲಿ ಯಕೃತ್ ಹಾನಿಯನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ರೋಗಿಗಳು ಸೇವಿಸಿದ್ದು ಅದೇ ಕುಲದ ಬೇರೊಂದು ಬಳ್ಳಿಯಾಗಿರಬಹುದು ಎಂದಿತು. 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು 43 ರೋಗಿಗಳ ವಿವರಗಳೊಂದಿಗೆ ಮತ್ತೊಂದು ವರದಿ ಪ್ರಕಟಿಸಿದರು. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಯಕೃತ್ತಿನ ಮೇಲೆ ತಿರುಗಿಬಿದ್ದಂಥ ಲಕ್ಷಣಗಳು ಅದರಲ್ಲಿದ್ದವು. ‘ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ’ ಎಂಬ ಹೊಗಳಿಕೆ ನಿಜವಾದರೆ, ಆ ಶಕ್ತಿ ಈಗಾಗಲೇ ದಾರಿತಪ್ಪಿರುವವರ ಪಾಲಿಗೆ ಅದೇ ಹೊಗಳಿಕೆ ಎಚ್ಚರಿಕೆಯಾಗಬೇಕಲ್ಲವೇ? ಸಚಿವಾಲಯದ ನಿರಾಕರಣೆ ಮಾತ್ರ ಮುಂದುವರಿಯಿತು.

ಇಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ಸಚಿವಾಲಯದ ವಾದವನ್ನೇ ಒಪ್ಪಿಕೊಳ್ಳೋಣ: ಜನ ಸೇವಿಸಿದ್ದು ತಪ್ಪು ಬಳ್ಳಿ. ಹಾಗಾದರೆ ಅದು ಇನ್ನೂ ದೊಡ್ಡ ಆರೋಪವಲ್ಲವೇ? ಸರ್ಕಾರವೇ ಶಿಫಾರಸು ಮಾಡಿದ ಮೂಲಿಕೆಯ ಹೆಸರಿನಲ್ಲಿ ಬೇರೊಂದು ಸಸ್ಯ ಜನರ ಹೊಟ್ಟೆ ಸೇರಬಹುದಾದರೆ, ಗುರುತಿನ ಖಾತರಿ ಎಲ್ಲಿದೆ? ಅಶೋಕದ ತೊಗಟೆಯ ಹೆಸರಿನಲ್ಲಿ ಬೀದಿಬದಿಯ ಉದ್ದನೆಯ ಅಲಂಕಾರಿಕ ಮರದ ತೊಗಟೆ ಮಾರಾಟವಾಗುವುದು ಗಂಧಿಗೆ ಅಂಗಡಿಗಳ ಹಳೆಯ ರಹಸ್ಯ. ಪ್ರತಿ ತಯಾರಿಕಾ ತಂಡದ ಮಾದರಿಯನ್ನೂ ಸಕ್ರಿಯ ವಸ್ತುವಿನ ಅಳತೆಯನ್ನೂ ಕಾಪಾಡಿಟ್ಟಿದ್ದರೆ ಅಮೃತಬಳ್ಳಿಯ ವಿವಾದ ಪತ್ರಿಕಾ ಹೇಳಿಕೆಗಳಲ್ಲಿ ಅಲ್ಲ, ಪ್ರಯೋಗಾಲಯದಲ್ಲಿ ಕೆಲವೇ ದಿನಗಳಲ್ಲಿ ಇತ್ಯರ್ಥವಾಗುತ್ತಿತ್ತು.

ಕಾನೂನಿನ ಸ್ಥಿತಿಯೂ ಸಮಾಧಾನ ತರುವಂತಿಲ್ಲ. 2010ರಲ್ಲಿ ಔಷಧ ನಿಯಮಗಳಿಗೆ ಸೇರಿಸಿದ 158-ಬಿ ನಿಯಮದಂತೆ ಪ್ರಾಚೀನ ಗ್ರಂಥಗಳಲ್ಲಿ ಹೇಳಿದ ಔಷಧಿಗಳನ್ನು ಅದೇ ಉದ್ದೇಶಕ್ಕೆ ತಯಾರಿಸಲು ಹೊಸದಾಗಿ ಸುರಕ್ಷತಾ ಅಧ್ಯಯನ ಬೇಕಾಗಿಲ್ಲ. ಅದೇ ಮೂಲಿಕೆಯ ಸಾರವನ್ನು ‘ಪೂರಕ ಆಹಾರ’ ಎಂದು ಕರೆದರೆ ಔಷಧ ಕಾನೂನನ್ನು ಬಿಟ್ಟು ಆಹಾರ ಕಾನೂನಿನ ಬಾಗಿಲಿನಿಂದಲೂ ಒಳಬರಬಹುದು. ಜಾಹೀರಾತುಗಳಿಗೆ ಪೂರ್ವಾನುಮತಿ ಕಡ್ಡಾಯ ಮಾಡಿ 2018ರಲ್ಲಿ ತಂದ 170ನೇ ನಿಯಮವನ್ನು 2024ರ ಜುಲೈನಲ್ಲಿ ಕೇಂದ್ರವೇ ಕೈಬಿಟ್ಟಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತಾದರೂ 2025ರ ಆಗಸ್ಟಿನಲ್ಲಿ ಆ ಪ್ರಕರಣವೇ ಮುಕ್ತಾಯವಾಯಿತು. ಹೇಳಿಕೆ ಮೊದಲು, ಪುರಾವೆ ಆಮೇಲೆ ಎಂಬುದೇ ನಮ್ಮ ನೀತಿಯಾದಂತಿದೆ.

ಆಗಬೇಕಾದ ಕೆಲಸಗಳು ಅಸಾಧ್ಯವಾದವೇನಲ್ಲ. ಮೊದಲನೆಯದಾಗಿ, ಡಬ್ಬಿಯ ಮೇಲೆ ಸಸ್ಯದ ಹೆಸರಿನ ಜೊತೆಗೆ ಬಳಸಿದ ಭಾಗ, ಪುಡಿಯೋ ಸಾರವೋ ಎಂಬ ವಿವರ, ಮುಖ್ಯ ಸಕ್ರಿಯ ವಸ್ತುವಿನ ಪ್ರಮಾಣ ಕನ್ನಡದಲ್ಲಿಯೂ ಇರಬೇಕು. ಎರಡನೆಯದಾಗಿ, ಯಾರು ಸೇವಿಸಬಾರದು ಎಂಬ ಎಚ್ಚರಿಕೆ ಕಡ್ಡಾಯವಾಗಬೇಕು: ಗರ್ಭಿಣಿಯರು, ಯಕೃತ್ ರೋಗಿಗಳು, ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುವವರು. ಮೂರನೆಯದಾಗಿ, ಆಯುಷ್ ಔಷಧಿಗಳ ದುಷ್ಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2018ರಿಂದ ಇದೆಯಾದರೂ ಅದು ಜನರಿಗೆ ತಿಳಿದಿಲ್ಲ. ಜಿಲ್ಲಾ ಆಸ್ಪತ್ರೆಯ ಅಲೋಪಥಿ ವೈದ್ಯರೂ ಆಯುರ್ವೇದ ವೈದ್ಯರೂ ಒಂದೇ ನಮೂನೆಯಲ್ಲಿ ವರದಿ ಮಾಡುವಂತಾಗಬೇಕು. ತಯಾರಿಕೆಗೆ ಪರವಾನಗಿ ಕೊಡುವ ಅಧಿಕಾರ ರಾಜ್ಯಗಳದ್ದೇ ಆಗಿರುವುದರಿಂದ ಕರ್ನಾಟಕ ದೆಹಲಿಯತ್ತ ಮುಖ ಮಾಡಿ ಕೂರಬೇಕಿಲ್ಲ. 1993ರಿಂದ ಔಷಧೀಯ ಸಸ್ಯಗಳ ಸಂರಕ್ಷಣೆಯಲ್ಲಿ ತೊಡಗಿರುವ ಎಫ್‌ಆರ್‌ಎಲ್‌ಎಚ್‌ಟಿಯಂಥ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಸಸ್ಯವನ್ನು ಗುರುತಿಸಬಲ್ಲ ಕಣ್ಣುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಅವರನ್ನು ಕೇಳುವ ಮನಸ್ಸಿಗೆ ಕೊರತೆ.

ಓದುಗರಲ್ಲಿಯೂ ಒಂದು ವಿನಂತಿ. ವೈದ್ಯರು ‘ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ?’ ಎಂದಾಗ ನಾವು ರಕ್ತದೊತ್ತಡದ ಮಾತ್ರೆ, ಮಧುಮೇಹದ ಮಾತ್ರೆಯ ಹೆಸರು ಹೇಳಿ ಸುಮ್ಮನಾಗುತ್ತೇವೆ. ಕಷಾಯ, ಚೂರ್ಣ, ಲೇಹ್ಯಗಳು ಆ ಪಟ್ಟಿಗೆ ಸೇರುವುದೇ ಇಲ್ಲ, ಏಕೆಂದರೆ ಅವು ‘ಔಷಧಿ ಅಲ್ಲ’ ಎಂದು ನಾವೇ ನಿರ್ಧರಿಸಿರುತ್ತೇವೆ. ಗಿಡಮೂಲಿಕೆಗೆ ಇದಕ್ಕಿಂತ ದೊಡ್ಡ ಅವಮಾನ ಬೇರೊಂದಿಲ್ಲ. ಅದರ ಶಕ್ತಿಯನ್ನು ನಿಜವಾಗಿ ನಂಬುವವರು ಅದನ್ನು ಪಟ್ಟಿಯ ಮೊದಲ ಸಾಲಿನಲ್ಲೇ ಬರೆಸಬೇಕು.