ಕಾಗದ ತಪ್ಪಿದರೆ ತಿದ್ದೋಣ, ಅಪೀಲು ಬಿಡಬಾರದು

ರನ್ನ ಬೆಳಗಲಿಯ ಕೇರಿಯಿಂದ ಯಾರೋ ಒಬ್ಬ ಅಪ್ಪ ಹೊಲದ ದಾವೆ ಸೋತು, ವಕೀಲರಿಲ್ಲದೆ ಅಪೀಲು ಹಾಕಲು ಹೋದರೆ ಏನಾಗುತ್ತದೆ? "ಇದು ಸರಿ ಇಲ್ಲ, ಒಯ್ರಿ" ಅನ್ನುತ್ತಾರೆ. ಅಪ್ಪ ಹೊಲ ಹೋಯಿತೆಂದು ಬಸ್ಸು ಹತ್ತುತ್ತಾನೆ. ಅವನನ್ನು ಸೋಲಿಸಿದ್ದು ಕಾನೂನಲ್ಲ, ಅಂಜಿಕೆ.

ಬಾಯಿಮಾತು ತೀರ್ಪಲ್ಲ. "ಏನು ತಪ್ಪೈತಿ, ಬರೆದು ಕೊಡ್ರಿ" ಎಂದು ನಾವು ಕೇಳಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶ, 3ನೇ ನಿಯಮದಂತೆ ತಪ್ಪಿದ ಅಪೀಲನ್ನು ಗಡುವು ಕೊಟ್ಟು ತಿದ್ದಲು ಮರಳಿಸಬಹುದು. ಆ ಗಡುವು ಮೀರಬಾರದು. ಕೋರ್ಟ್ ಫೀ ಕಡಿಮೆ ಬಿತ್ತೆ? 149ನೇ ಕಲಮಿನಂತೆ ಆಮೇಲೆ ತುಂಬಲು ಅವಕಾಶ ಕೇಳಬಹುದು.

ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳು ಇದರಲ್ಲಿ ಸೇರುವುದಿಲ್ಲ. ಮತ್ತೂ ತಡವಾದರೆ 1963ರ ಕಾಲಮಿತಿ ಕಾಯ್ದೆಯ 5ನೇ ಕಲಮಿನಡಿ, ಕಾರಣ ಬರೆದು, ಅಫಿಡವಿಟ್ ಸಮೇತ ಅರ್ಜಿಯನ್ನು ಅಪೀಲಿನ ಜತೆಗೇ ಇಡಬೇಕು.

ತಿದ್ದಬಹುದಾದ ತಪ್ಪಿಗೆ ಅವಕಾಶ ಕೊಡದೆ ಅಪೀಲು ತಳ್ಳಬಾರದೆಂದು ಉದಯ್ ಶಂಕರ್ ತ್ರಿಯಾರ್ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ವಕೀಲರು ಬೇಕೆಂದರೆ 1987ರ ಕಾನೂನು ಸೇವೆಗಳ ಕಾಯ್ದೆ ಪರಿಶಿಷ್ಟರಿಗೆ ವರಮಾನ ನೋಡದೆ ಉಚಿತವಾಗಿ ಕೊಡುತ್ತದೆ. ಇದು ಭಿಕ್ಷೆಯಲ್ಲ, ಹಕ್ಕು.

ಮಹಾಡದ ಕೆರೆ ನೀರಿನ ಮೇಲೆ ಸವರ್ಣರು 1927ರಲ್ಲಿ ದಾವೆ ಹೂಡಿದರು. ಅಪೀಲಿನ ಮೇಲೆ ಅಪೀಲು ನಡೆದು 1937ರಲ್ಲಿ ಮುಂಬೈ ಹೈಕೋರ್ಟಿನಲ್ಲಿ ಸೋತರು. ಹತ್ತು ವರ್ಷ ಬಾಬಾಸಾಹೇಬರು ಕಾಗದ ಕೆಳಗಿಡಲಿಲ್ಲ.

ಹಾಸ್ಟೆಲಿನ ತಮ್ಮಂದಿರೆ, ತಂಗಿಯರೆ, ಅಕ್ಷರ ಕಲಿತವರು ನಾವು. ರಜೆಗೆ ಊರಿಗೆ ಹೋದಾಗ ಕೇರಿಯ ಟ್ರಂಕುಗಳಲ್ಲಿ ಮಲಗಿದ ಕೋರ್ಟು ಕಾಗದಗಳನ್ನು ಎಬ್ಬಿಸೋಣ. ಮೊದಲು ತಾರೀಖು ನೋಡೋಣ.