ಡಬ್ಬಿಯಿಲ್ಲದ ನಿಧಿ

ಕಳೆದ ಬೇಸಿಗೆ ರಜೆಯ ಒಂದು ಸಂಜೆ, ಒಂಬತ್ತನೆಯ ತರಗತಿ ಮುಗಿಸಿದ ಮಗಳು ಊಟದ ಮೇಜಿನ ಮೇಲೆ ಒಂದು ಹಳೆಯ ಟಿಫಿನ್ ಡಬ್ಬಿಯನ್ನಿಟ್ಟು, "ಅಪ್ಪ, ಇದನ್ನು ಮೌಲಾ ಅಲಿ ಗುಟ್ಟದ ಬಂಡೆಗಳ ನಡುವೆ ಬಚ್ಚಿಟ್ಟು ಬರೋಣವೇ?" ಎಂದು ಕೇಳಿದಳು. ಡಬ್ಬಿಯೊಳಗೆ ಒಂದು ಪುಟ್ಟ ನೋಟುಪುಸ್ತಕ, ಪೆನ್ಸಿಲು, ನಾಲ್ಕು ಗೋಲಿ ಇದ್ದವು. ಜಿಯೋಕ್ಯಾಶಿಂಗ್ ಎಂಬ ಆಟದ ಬಗ್ಗೆ ಎಲ್ಲೋ ಓದಿ ಬಂದಿದ್ದಳು. ಕುಷಾಯಿಗೂಡದ ನಮ್ಮ ಮನೆಯ ತಾರಸಿಯಿಂದ ಆ ಗುಟ್ಟ ಕಾಣುತ್ತದೆ. ಅವಳ ಕೇಳಿಕೆಯಲ್ಲಿ ಅಸಹಜವಾದುದೇನೂ ಇರಲಿಲ್ಲ. ಆದರೂ ನಾನು ಬೇಡವೆಂದೆ. ಏಕೆ ಬೇಡವೆಂದೆ ಎಂಬುದನ್ನು ಅವಳಿಗೆ ಬಿಡಿಸಿ ಹೇಳಲು ಹೋಗಿ ನನಗೇ ಕೆಲವು ಸಂಗತಿಗಳು ಸ್ಪಷ್ಟವಾದವು. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಟದ ಹುಟ್ಟು ಸ್ವಾರಸ್ಯಕರವಾದದ್ದು. ನಾಗರಿಕರಿಗೆ ದೊರೆಯುತ್ತಿದ್ದ ಜಿಪಿಎಸ್ ಸಂಕೇತಗಳಲ್ಲಿ ಅಮೆರಿಕ ಸರಕಾರ ಬೇಕೆಂದೇ ಒಂದಿಷ್ಟು ದೋಷವನ್ನು ಬೆರೆಸುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿತು. ನೂರು ಮೀಟರಿನಷ್ಟು ತಪ್ಪು ತೋರಿಸಬಹುದಾಗಿದ್ದ ಯಂತ್ರಗಳು ರಾತ್ರಿ ಬೆಳಗಾಗುವುದರೊಳಗೆ ಹತ್ತಿಪ್ಪತ್ತು ಮೀಟರಿನೊಳಗೆ ಗುರಿ ಹಿಡಿಯತೊಡಗಿದವು. ಅದನ್ನು ಪರೀಕ್ಷಿಸಲೆಂದು ಡೇವ್ ಉಲ್ಮರ್ ಎಂಬಾತ ಮೇ 3ರಂದು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ಟನ್ನು ಅಡಗಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದ. ಕೆಲವೇ ದಿನಗಳಲ್ಲಿ ಹುಡುಕಿದವರು ಸಿಕ್ಕರು. ಒಂದು ವಸ್ತುವನ್ನು ಇಡುವುದು, ಅದರ ಸ್ಥಾನವನ್ನು ಅಂಕಿಗಳಲ್ಲಿ ಸಾರುವುದು, ಕಂಡುಕೊಂಡವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರುವುದು: ಆಟವೆಂದರೆ ಇಷ್ಟೆ. ಇಂದು ಅದು ಲೋಕವ್ಯಾಪಿ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕು, ನೆಲ ಅಗೆದು ಹೂಳಬಾರದು, ಜಾಗದ ಒಡೆಯರ ಅನುಮತಿ ಬೇಕು ಎಂಬ ನಿಯಮಗಳೂ ಇವೆ.

ಆಟದ ಅರ್ಧ ಸುಖ ಇರುವುದು ಹೊರಡುವ ಮುನ್ನ, ಮನೆಯಲ್ಲಿ ಕುಳಿತು ನಕಾಶೆ ನೋಡುವುದರಲ್ಲಿ. ಆರ್. ಎಲ್. ಸ್ಟೀವನ್ಸನ್ 1881ರ ಮಳೆಗಾಲದ ರಜೆಯಲ್ಲಿ ಮಲಮಗನೊಂದಿಗೆ ಕುಳಿತು ಒಂದು ದ್ವೀಪದ ನಕಾಶೆಯನ್ನು ಬಿಡಿಸಿದ. 'ಟ್ರೆಷರ್ ಐಲೆಂಡ್' ಕಾದಂಬರಿ ಹುಟ್ಟಿದ್ದು ಆ ನಕಾಶೆಯಿಂದ. ಮೊದಲು ನಕಾಶೆ, ಆಮೇಲೆ ಕಥೆ. ನಾವೂ ಆ ಸಂಜೆ ಲ್ಯಾಪ್‌ಟಾಪ್ ತೆರೆದು ಕುಳಿತೆವು. ಉಪಗ್ರಹ ಚಿತ್ರದಲ್ಲಿ ಬಂಡೆಗಳನ್ನೂ ಕಾಪ್ರಾ ಕೆರೆಯ ಅಂಚನ್ನೂ ಗುರುತಿಸಿದೆವು. ಏರುತಗ್ಗುಗಳನ್ನು ತೋರಿಸುವ ಪದರದಲ್ಲಿ ಯಾವ ಮಗ್ಗುಲಿನಿಂದ ಹತ್ತುವುದು ಸುಲಭವೆಂದು ನೋಡಿದೆವು. ನಡೆಯಬೇಕಾದ ದೂರವನ್ನು ಅಳೆದೆವು. ಬೀದಿಯ ಮಟ್ಟದಿಂದ ತೆಗೆದ ಚಿತ್ರಗಳನ್ನೂ ನೋಡಿದೆವು. ಈ ಚಿತ್ರಗಳ ಕೆಲಸ ನಮ್ಮ ದೇಶದಲ್ಲಿ 2011ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, ಪೊಲೀಸರ ಆಕ್ಷೇಪದಿಂದ ನಿಂತುಹೋಗಿ, 2022ರಲ್ಲಿ ಹೈದರಾಬಾದೂ ಸೇರಿದಂತೆ ಹತ್ತು ನಗರಗಳೊಂದಿಗೆ ಮತ್ತೆ ಆರಂಭವಾಯಿತೆಂಬುದನ್ನು ಮಗಳಿಗೆ ಹೇಳಿದೆ.

ನನ್ನ ಅವಿವೇಕದ ಒಂದು ಪ್ರಸಂಗವನ್ನೂ ಇಲ್ಲಿ ಹೇಳಿಬಿಡಬೇಕು. ಆನ್‌ಲೈನ್ ನಕಾಶೆಯಲ್ಲಿ ನಮ್ಮ ಬಡಾವಣೆಯನ್ನು ಒತ್ತಿ ಹಿಡಿದರೆ 17.47, 78.57 ಎಂಬಂಥ ಅಂಕಿಗಳು ಬರುತ್ತವೆ. ಇವು ದಶಮಾಂಶದ ಡಿಗ್ರಿಗಳು. ಆಟದವರು ಬಳಸುವುದು ಡಿಗ್ರಿ ಮತ್ತು ಮಿನಿಟುಗಳನ್ನು. ನಾನು 17.47 ಎಂಬುದನ್ನು 17 ಡಿಗ್ರಿ 47 ಮಿನಿಟು ಎಂದೂ, 78.57 ಎಂಬುದನ್ನು 78 ಡಿಗ್ರಿ 57 ಮಿನಿಟು ಎಂದೂ ಬರೆದುಕೊಂಡೆ. ಸರಿಯಾದ ಲೆಕ್ಕದಲ್ಲಿ ಅವು 28.2 ಮಿನಿಟು ಮತ್ತು 34.2 ಮಿನಿಟು. ಫಲವಾಗಿ ನಮ್ಮ ಮನೆ ಐವತ್ತು ಕಿಲೋಮೀಟರಿಗೂ ಮಿಕ್ಕಿ ಈಶಾನ್ಯಕ್ಕೆ, ಯಾರದೋ ಹೊಲದ ನಡುವೆ ಹೋಗಿ ನಿಂತಿತು. ಮಗಳು ಬಿದ್ದು ಬಿದ್ದು ನಕ್ಕಳು. ಒಂದು ಮಿನಿಟಿನ ಸಾವಿರದ ಒಂದು ಭಾಗ ಉತ್ತರ ದಕ್ಷಿಣದಲ್ಲಿ ಎರಡು ಮೀಟರಿಗಿಂತ ಕಡಿಮೆ ಎಂಬುದನ್ನು ಅವಳು ಅಂದು ಕಲಿತಳು. ಭೂಗೋಳದ ಪಾಠವಾಗಿ ಈ ಆಟಕ್ಕೆ ಸಾಟಿಯಿಲ್ಲ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಹಾಗಾದರೆ ಬೇಡವೆಂದದ್ದು ಏಕೆ? ನಕಾಶೆ ಎಲ್ಲವನ್ನೂ ಹೇಳುತ್ತದೆ, ಒಂದನ್ನು ಬಿಟ್ಟು: ಆ ಜಾಗದ ಜನರ ಮನಸ್ಸಿನಲ್ಲಿ ಏನಿದೆ ಎಂಬುದನ್ನು. ನಮ್ಮ ಕುಷಾಯಿಗೂಡದ ಸುತ್ತಮುತ್ತ ಇರುವುದು ಇಸಿಐಎಲ್, ಅಣು ಇಂಧನ ಸಂಕೀರ್ಣ, ಚರ್ಲಪಲ್ಲಿಯ ಸೆರೆಮನೆ, ರೈಲ್ವೆ ಜಮೀನು. ಇಂಥ ಗೋಡೆಗಳ ನೆರಳಿನಲ್ಲಿ ಒಬ್ಬ ನಡುವಯಸ್ಸಿನ ಗಂಡಸು ಫೋನು ಹಿಡಿದು ಪೊದೆಯಲ್ಲಿ ತಡಕಾಡುತ್ತಿದ್ದರೆ ಕಾವಲುಗಾರ ಬಂದು ವಿಚಾರಿಸುವುದು ಅವನ ಧರ್ಮ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. 2007ರ ಆಗಸ್ಟ್ 25ರಂದು ಲುಂಬಿನಿ ಪಾರ್ಕು ಮತ್ತು ಕೋಠಿಯ ಗೋಕುಲ್ ಚಾಟ್‌ನಲ್ಲಿ, 2013ರ ಫೆಬ್ರವರಿ 21ರಂದು ದಿಲ್‌ಸುಖ್‌ನಗರದಲ್ಲಿ ಸ್ಫೋಟಗಳನ್ನು ಕಂಡ ಊರು ಇದು. ವಾರಸುದಾರರಿಲ್ಲದ ಡಬ್ಬಿ ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂಬ ಮಾತನ್ನು ಬಸ್ಸಿನಲ್ಲಿ, ರೈಲಿನಲ್ಲಿ ಕೇಳುತ್ತಲೇ ನಮ್ಮ ಮಕ್ಕಳು ಬೆಳೆದಿದ್ದಾರೆ. ಅಂಥ ಊರಿನ ಬಂಡೆಯ ಸಂದಿಯಲ್ಲಿ ನಾವು ಒಂದು ಸ್ಟೀಲ್ ಡಬ್ಬಿಯನ್ನಿಟ್ಟರೆ ಅದನ್ನು ಮೊದಲು ಕಾಣುವವರು ಆಟಗಾರರಾಗಿರಬೇಕೆಂದೇನಿಲ್ಲ. ಮೇಕೆ ಕಾಯುವ ಹುಡುಗನಾಗಿರಬಹುದು, ಗುಟ್ಟದ ದರ್ಗಾಕ್ಕೆ ಹೊರಟ ಮುದುಕಿಯಾಗಿರಬಹುದು. ಅವರ ಎದೆ ಒಂದು ಕ್ಷಣ ನಡುಗುವುದಾದರೆ ನಮ್ಮ ಆಟಕ್ಕೆ ಆ ಬೆಲೆ ಹೆಚ್ಚಾಯಿತು.

ಎರಡನೆಯ ಕಾರಣ ಇನ್ನೂ ಹಳೆಯದು. ನಿಧಿ ಶೋಧ ಎಂಬ ಮಾತಿಗೆ ಪಶ್ಚಿಮದಲ್ಲಿ ಮಕ್ಕಳ ಪುಸ್ತಕದ ಪರಿಮಳವಿದೆ. ನಮ್ಮಲ್ಲಿ ಅದಕ್ಕೆ ಹಾರೆ, ಗುದ್ದಲಿ, ಅಮಾವಾಸ್ಯೆಯ ವಾಸನೆಯಿದೆ. 2019ರ ಜುಲೈಯಲ್ಲಿ ಆನೆಗುಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಯಿಂದ ಒಡೆದು ಹಾಕಿದ್ದನ್ನು ಕನ್ನಡಿಗರು ಮರೆತಿರಲಾರರು. ಕಾಡಿನೊಳಗಿನ ಎಷ್ಟು ಪಾಳುಗುಡಿಗಳ ಪೀಠಗಳು ಹೀಗೆ ಅಗೆಯಲ್ಪಟ್ಟಿವೆಯೋ! 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಹುದುಗಿರುವ ಬೆಲೆಯುಳ್ಳ ಯಾವ ವಸ್ತುವೂ ನಿಧಿಯೇ. ಅದು ಹತ್ತು ರೂಪಾಯಿಗಿಂತ ಹೆಚ್ಚಿನದಾದರೆ ಸಿಕ್ಕವನು ಕಲೆಕ್ಟರಿಗೆ ತಿಳಿಸಬೇಕು. ಮಗಳ ಗೋಲಿಗಳಿಗೆ ಈ ಕಾಯಿದೆ ಅನ್ವಯಿಸುತ್ತದೆಯೇ ಎಂದು ನಾವು ತಮಾಷೆ ಮಾಡಿದೆವು. ಆದರೆ ಹಳೆಯ ಗುಡಿಯ ಹತ್ತಿರ 'ಇಲ್ಲೊಂದು ನಿಧಿಯಿದೆ' ಎಂದು ನಕಾಶೆಯಲ್ಲಿ ಚುಕ್ಕೆಯಿಡುವುದು ತಮಾಷೆಯ ಮಾತಲ್ಲ. ಆ ಚುಕ್ಕೆಯನ್ನು ನಾವು ಬಯಸಿದ ಅರ್ಥದಲ್ಲಿಯೇ ಎಲ್ಲರೂ ಓದುತ್ತಾರೆಂಬ ಭರವಸೆಯಿಲ್ಲ.

ಇಷ್ಟು ಹೇಳಿ ಸುಮ್ಮನಾಗಿದ್ದರೆ ನಾನು ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚುವ ತಂದೆಯರ ಸಾಲಿಗೆ ಸೇರುತ್ತಿದ್ದೆ. ನನ್ನ ವಾದ ಆಟವನ್ನು ಬಿಡಬೇಕೆಂಬುದಲ್ಲ, ಡಬ್ಬಿಯನ್ನು ಬಿಡಬೇಕೆಂಬುದು. ಆಟದೊಳಗೇ ಅದಕ್ಕೆ ದಾರಿಯಿದೆ. 2004ರಿಂದ ಅರ್ತ್‌ಕ್ಯಾಶ್ ಎಂಬ ಬಗೆಯೊಂದು ಬಂದಿದೆ. ಅಲ್ಲಿ ಅಡಗಿಸಿಟ್ಟ ವಸ್ತುವಿಲ್ಲ. ನೆಲದ ರಚನೆಯೇ ನಿಧಿ. ಅಲ್ಲಿಗೆ ಹೋಗಿ, ನೋಡಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆದರೆ ಸಾಕು. ಸುಮಾರು ಇನ್ನೂರೈವತ್ತು ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆಗಳ ಮೇಲೆ ಕುಳಿತ ಹೈದರಾಬಾದಿಗೆ ಇದಕ್ಕಿಂತ ಒಪ್ಪುವ ಆಟ ಬೇರೆ ಇದೆಯೇ? ಆ ಬಂಡೆಗಳು ದಿನದಿನವೂ ಸಿಡಿದು ಜಲ್ಲಿಯಾಗುತ್ತಿರುವಾಗ, ಅವುಗಳಲ್ಲಿ ಒಂದರ ಹೆಸರು ಸ್ಥಾನಗಳನ್ನು ಬಲ್ಲ ಮಗು ಇರುವುದೇ ಒಂದು ಕಾವಲು.

ಕನ್ನಡಿಗರಿಗಂತೂ ನಿಧಿಯನ್ನು ಹೊಸದಾಗಿ ಇಡುವ ಅಗತ್ಯವೇ ಇಲ್ಲ. ಸಾವಿರ ವರ್ಷಗಳ ಹಿಂದೆಯೇ ನಮ್ಮವರು ಇಟ್ಟಿದ್ದಾರೆ. ಒಳಗಿನ ಚೀಟಿಯನ್ನು ಕಲ್ಲಿನ ಮೇಲೆಯೇ ಬರೆದಿದ್ದಾರೆ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಬೆಂಗಳೂರು ಜಿಲ್ಲೆಯ ಸಂಪುಟವನ್ನು ಈ ದೃಷ್ಟಿಯಿಂದ ನೋಡಿದರೆ ಅದೊಂದು ಸುಳಿವುಗಳ ಪುಸ್ತಕ: ಇಂಥ ಊರು, ಇಂಥ ದಿಕ್ಕಿನ ಹೊಲ, ಇಂಥ ಗುಡಿಯ ಮುಂದಿನ ಕಲ್ಲು. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಶಾಸನಾಸಕ್ತರು ಆ ಸಂಪುಟವನ್ನು ಕೈಯಲ್ಲಿ ಹಿಡಿದು, ಬಡಾವಣೆಗಳ ನಡುವೆ ಕಲ್ಲುಗಳನ್ನು ಹುಡುಕಿ, ಆನ್‌ಲೈನ್ ನಕಾಶೆಯಲ್ಲಿ ಒಂದೊಂದಾಗಿ ಗುರುತಿಸಿದ್ದಾರೆ. ಮಿಥಿಕ್ ಸೊಸೈಟಿ ಅವುಗಳ ಮೂರು ಆಯಾಮದ ಪ್ರತಿಗಳನ್ನು ಸಿದ್ಧಪಡಿಸುತ್ತಿದೆ. 2018ರಲ್ಲಿ ಹೆಬ್ಬಾಳದಲ್ಲಿ ಕಂಡುಬಂದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು. ನಗರ ಎಷ್ಟೋ ಸಲ ಅದರ ಪಕ್ಕದಲ್ಲಿಯೇ ಹಾದುಹೋಗಿತ್ತು.

ಅದೇ ಮಾದರಿಯಲ್ಲಿ ನಾವು ಒಂದು ಪಯಣವನ್ನು ಯೋಜಿಸಿದೆವು. ಗುರಿ ಕರೀಂನಗರ ಜಿಲ್ಲೆಯ ಗಂಗಾಧರ ಮಂಡಲದ ಕುರ್ಕ್ಯಾಲದ ಬಳಿಯ ಬೊಮ್ಮಲಗುಟ್ಟ. ಆದಿಕವಿ ಪಂಪನ ತಮ್ಮ ಜಿನವಲ್ಲಭ ಅಲ್ಲಿ ಹತ್ತನೆಯ ಶತಮಾನದ ನಡುಭಾಗದಲ್ಲಿ ಜಿನಬಿಂಬಗಳನ್ನು ಕಡೆಯಿಸಿ, ಅವುಗಳ ಕೆಳಗೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ ಶಾಸನ ಬರೆಯಿಸಿದ. ಪಂಪನ ಮನೆತನದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಭಾಗಕ್ಕೆ ಆ ಕಲ್ಲೇ ಸಾಕ್ಷಿ. ತೆಲುಗರಿಗೆ ಅದು ತಮ್ಮ ಕಂದಪದ್ಯಗಳ ಪ್ರಾಚೀನತೆಯ ಆಧಾರ. ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥ ಕುಟುಂಬಕ್ಕೆ ಅದಕ್ಕಿಂತ ಆಪ್ತವಾದ ಕಲ್ಲು ಇನ್ನೊಂದಿರಲಾರದು.

ಶಾಮೀರ್‌ಪೇಟೆ, ಸಿದ್ದಿಪೇಟೆ, ಕರೀಂನಗರದ ಮೂಲಕ ಹೋಗುವ ದಾರಿಯನ್ನು ನಕಾಶೆ ಮೀಟರು ಬಿಡದೆ ತೋರಿಸಿತು. ಸಿಗ್ನಲ್ ಸಿಗದಿದ್ದರೆ ಇರಲೆಂದು ಆ ಭಾಗವನ್ನು ಫೋನಿಗೆ ಇಳಿಸಿಕೊಂಡೆವು. ಬಿಸಿಲೇರುವ ಮುನ್ನ ತಲುಪಲು ನಸುಕಿಗೇ ಹೊರಟೆವು. ಆದರೆ ಉಪಗ್ರಹ ನೋಡುವುದು ನೆತ್ತಿಯ ಮೇಲಿನಿಂದ. ಶಾಸನವಿರುವುದು ಬಂಡೆಯ ನಿಡಿದಾದ ಮುಖದ ಮೇಲೆ. ಮೇಲಿನಿಂದ ನೋಡುವವರಿಗೆ ಅದು ಬರಿಯ ಬಿಳಿಯ ಮಚ್ಚೆ. ಬಂಡೆಯ ಬುಡ ಸೇರಿದಂತೆ ಜಿಪಿಎಸ್ ಕೂಡ ತಡವರಿಸತೊಡಗಿತು, ನಾವಿದ್ದ ಸ್ಥಳವನ್ನು ಸೂಚಿಸುವ ನೀಲಿ ಚುಕ್ಕೆ ಅತ್ತಿತ್ತ ಓಲಾಡಿತು. ಕೊನೆಯ ನೂರು ಹೆಜ್ಜೆಯ ದಾರಿ ಹೇಳಿದವರು ಹೊಲದ ಬದುವಿನ ಮೇಲೆ ಕುಳಿತಿದ್ದ ಒಬ್ಬ ಹಿರಿಯರು. "ಬೊಮ್ಮಲಾ? ಅಟು ವೈಪು" ಎಂದು ಕೋಲಿನಿಂದ ತೋರಿಸಿ, ನೀರಿದೆಯೇ ಎಂದು ವಿಚಾರಿಸಿ, ಜೇನುಗೂಡಿರಬಹುದು, ಜಾಗ್ರತೆ ಎಂದು ಎಚ್ಚರಿಸಿ ಕಳಿಸಿದರು. ನಕಾಶೆಯಲ್ಲಿ ಇರಲಾರದ ಮಾಹಿತಿಯೆಂದರೆ ಅದು.

ಮಗಳು ಅಕ್ಷರಗಳ ಮುಂದೆ ಬಹಳ ಹೊತ್ತು ನಿಂತಳು. ಲಿಪಿ ಅವಳಿಗೆ ಓದಲು ಬರಲಿಲ್ಲ. ನನಗೂ ಎಲ್ಲೋ ಒಂದೆರಡು ಅಕ್ಷರ ಬಿಟ್ಟರೆ ಬರಲಿಲ್ಲ. ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದವನಿಗೆ ತನ್ನ ಆದಿಕವಿಯ ತಮ್ಮನ ಬರಹದ ಮುಂದೆ ಅನಕ್ಷರಸ್ಥನಂತೆ ನಿಲ್ಲಬೇಕಾಗಿ ಬಂದ ಆ ಗಳಿಗೆ ನನಗೆ ಆದ ಲಾಭವೆಂದೇ ತಿಳಿದಿದ್ದೇನೆ. ಅವಳು ತಂದಿದ್ದ ನೋಟುಪುಸ್ತಕದಲ್ಲಿ ದಿನಾಂಕ, ಸ್ಥಾನದ ಅಂಕಿಗಳು, ಕಂಡ ಬಿಂಬಗಳ ಸಂಖ್ಯೆ ಇಷ್ಟನ್ನು ಬರೆದುಕೊಂಡಳು. ಪುಸ್ತಕ ಮನೆಗೆ ಬಂತು. ಅಲ್ಲಿ ನಾವು ಬಿಟ್ಟು ಬಂದದ್ದು ಏನೂ ಇಲ್ಲ.

ಇದಕ್ಕೂ ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ಶಾಸನದ ಸ್ಥಾನವನ್ನು ನಕಾಶೆಯಲ್ಲಿ ಸಾರಿದರೆ ಹಾರೆ ಹಿಡಿದವನೂ ಅಲ್ಲಿಗೆ ಬಂದಾನಲ್ಲವೇ? ಬಂದಾನು. ಆದರೆ ಹಾರೆಯವನು ನಕಾಶೆಯಿಲ್ಲದೆಯೂ ಬರುತ್ತಲೇ ಇದ್ದಾನೆ. ಬಾರದೆ ಇದ್ದವರು ನಾವು. ಕಲ್ಲುಗಳು ಹೆಚ್ಚಾಗಿ ಹಾಳಾದದ್ದು ಪ್ರಸಿದ್ಧಿಯಿಂದಲ್ಲ; ಅಡಿಪಾಯಕ್ಕೆ ಸೇರಿ, ಚರಂಡಿಯ ಮೇಲೆ ಹಾಸಿ, ಗಣಿಗೆ ಸಿಲುಕಿ, ಅಂದರೆ ಅವು ಏನೆಂದು ಯಾರಿಗೂ ಗೊತ್ತಿಲ್ಲದೆ. ಹೆಬ್ಬಾಳದ ಕಲ್ಲನ್ನು ಗುರುತಿಸಿದ ಮೇಲೆ ಊರವರೂ ಆಸಕ್ತರೂ ಸೇರಿ ಅದಕ್ಕೊಂದು ಮಂಟಪ ಕಟ್ಟಿದರು. ಆದರೂ ಒಂದು ವಿವೇಕ ಬೇಕು. ಊರೊಳಗೆ ಜನರ ಕಣ್ಣಳತೆಯಲ್ಲಿರುವ ಕಲ್ಲುಗಳನ್ನು ಸಾರೋಣ. ಕಾಡಿನ ಒಂಟಿ ಗುಡಿಯನ್ನು ಇಲಾಖೆಗೆ ಮತ್ತು ಊರಿನ ಹಿರಿಯರಿಗೆ ಮೊದಲು ತಿಳಿಸಿ, ನಕಾಶೆಗೆ ಆಮೇಲೆ ಏರಿಸೋಣ. ನಿಧಿ ಎಂಬ ಮಾತನ್ನು ಅಲ್ಲಿ ಬಳಸದೇ ಇರೋಣ.

ಹೊರನಾಡಿನ ಕನ್ನಡ ಸಂಘಗಳಿಗೆ ನನ್ನದೊಂದು ಕೋರಿಕೆ. ರಾಜ್ಯೋತ್ಸವದಂದು ಮಕ್ಕಳಿಗೆ ಪ್ರಬಂಧ ಸ್ಪರ್ಧೆ, ಛದ್ಮವೇಷಗಳ ಜೊತೆಗೆ ಒಂದು ಭಾನುವಾರವನ್ನು ಇಂಥ ಹುಡುಕಾಟಕ್ಕೆ ಮೀಸಲಿಡಬಹುದು. ಗ್ರಂಥಾಲಯದಿಂದ ಒಂದು ಶಾಸನದ ಪಾಠ, ಫೋನಿನಲ್ಲಿ ಒಂದು ನಕಾಶೆ, ಆ ಊರಿನವರೊಡನೆ ಮಾತನಾಡುವಷ್ಟು ತೆಲುಗು, ಇಷ್ಟಿದ್ದರೆ ಸಾಕು. ಖರ್ಚು ಬಸ್ಸಿನದು ಮಾತ್ರ.

ಮಗಳ ಟಿಫಿನ್ ಡಬ್ಬಿ ಮತ್ತೆ ಅಡುಗೆಮನೆ ಸೇರಿದೆ. ಮುಂದಿನ ಪಯಣ ಕೀಸರಗುಟ್ಟಕ್ಕೆ; ಡಬ್ಬಿ ಅಂದು ಬರುತ್ತದೆ, ಚಿತ್ರಾನ್ನ ತುಂಬಿಕೊಂಡು.