ಗಾಲಿ ತಿರುಗಿದರೆ ಹಡಗು, ನಿಂತರೆ ಗುಜರಿ

ಝಳಕಿ ಕ್ರಾಸಿನಲ್ಲಿ ಇಂಡಿ ಬಸ್ಸಿಗೆ ಕಾಯುವವರ ಮುಂದೆ ಹಡಗಿನ ಮಾತು ತೆಗೆದರೆ ನಕ್ಕಾರು. ಉತ್ತರಕ್ಕೆ ಭೀಮೆ ಇದ್ದಾಳೆ, ಸರಿ. ಆದರೆ ಮಳೆಗಾಲದಲ್ಲಿ ದಂಡೆ ಮೀರುವ ಹೊಳೆ ಬೇಸಿಗೆಯಲ್ಲಿ ಉಸುಕು ತೋರಿಸುತ್ತದೆ. ಅಲ್ಲಿ ಎಂಥ ಹಡಗು? ಸೇತುವೆಗಳಾಗುವ ಮುಂಚೆ ಹರಗೋಲು ಮತ್ತು ಅಂಬಿಗನ ತೋಳು, ಇವೆರಡೇ ಜನಕ್ಕೆ ಆಧಾರ. ಸೇತುವೆಯಾದವು, ಬಸ್ಸು ಬಂದವು, ಅಂಬಿಗನ ಕೆಲಸ ಹೋಯಿತು. ಹರಗೋಲು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ಇದೇ ಕಥೆ ಮೊನ್ನೆ ಮೊನ್ನೆ ಶರಾವತಿ ಹಿನ್ನೀರಿನಲ್ಲೂ ಆಯಿತು. ಸಾಗರದ ಕಡೆಯಿಂದ ಸಿಗಂದೂರು ಚೌಡೇಶ್ವರಿಗೆ ಹೋದ ಭಕ್ತರು ಅಂಬಾರಗೋಡ್ಲು ದಂಡೆಯಲ್ಲಿ ಲಾಂಚಿಗೆ ಕಾದವರೇ. ಮಂದಿ, ಜೀಪು, ಬಸ್ಸು ಎಲ್ಲವೂ ಅದರ ಮೇಲೇ ದಾಟಬೇಕಿತ್ತು. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ತುಮರಿ ಭಾಗದವರಿಗೆ ಅಪರಾತ್ರಿ ಆಸ್ಪತ್ರೆಗೆ ಹೋಗುವ ಸಂಕಟ ತಪ್ಪಿತು. ಒಳ್ಳೇದೇ ಆಯಿತು, ಎರಡು ಮಾತಿಲ್ಲ. ಆದರೆ ಕೆಲಸ ಮುಗಿದ ಹಡಗನ್ನು ಏನು ಮಾಡಬೇಕು?

ಇಂಗ್ಲೆಂಡಿನ ಡಾರ್ಟ್ ನದಿಯವರು ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ. ಅಲ್ಲಿ ಡಾರ್ಟ್‌ಮತ್‌ನಿಂದ ಟಾಟ್ನೆಸ್ ಊರಿಗೆ ಪ್ರಯಾಣಿಕರನ್ನು ಒಯ್ಯಲು 1924ರಲ್ಲಿ ‘ಕಿಂಗ್ಸ್‌ವೇರ್ ಕ್ಯಾಸಲ್’ ಎಂಬ ಪುಟ್ಟ ಉಗಿಹಡಗು ಕಟ್ಟಿದರು. ಎರಡೂ ಮಗ್ಗುಲಿಗೆ ದೊಡ್ಡ ನೀರುಗಾಲಿ. ಕಲ್ಲಿದ್ದಲು ಉರಿಸಿ, ಉಗಿ ಎಬ್ಬಿಸಿ ಗಾಲಿ ತಿರುಗಿಸುವುದು. ಹಡಗಿನ ಕೆಳಗೆ ಪಂಖ ತಿರುಗುವ ಕಾಟವಿಲ್ಲ. ಹಾಗಾಗಿ ತೆಳುನೀರಿನ ಹೊಳೆಗೂ ಸೈ. ಇಂಜಿನ್ನು ಹೊಸದಲ್ಲ, ಇದೇ ಹೆಸರಿನ ಹಳೇ ಹಡಗಿನದು, 1904ರದ್ದು. ಕೆಲಸಕ್ಕೆ ಬರುವ ವಸ್ತುವನ್ನು ಬಿಸಾಡಬಾರದೆಂಬ ಬುದ್ಧಿ ಅವರಿಗೆ ಅವತ್ತೇ ಇತ್ತು.

1965ರಲ್ಲಿ ಅದೂ ನಿಂತಿತು. ಗುಜರಿಗೆ ಹೋಗಬೇಕಾದ ಹಡಗನ್ನು 1967ರಲ್ಲಿ ಗಾಲಿಹಡಗುಗಳ ಸಂರಕ್ಷಣಾ ಸಂಘ ಕೊಂಡಿತು. ಸಂಘದ ಮಂದಿ ಸಂಬಳವಿಲ್ಲದೆ ತುಕ್ಕು ಕೆರೆದರು, ತಗಡು ಬದಲಿಸಿದರು. ಒಂದೆರಡು ವರ್ಷದ ಮಾತಲ್ಲ. 1985ರ ಹೊತ್ತಿಗೆ ಅದು ಮೆಡ್ವೇ ಎಂಬ ಬೇರೊಂದು ನದಿಯಲ್ಲಿ ಮತ್ತೆ ಪೂರ್ತಿಯಾಗಿ ಪ್ರಯಾಣಿಕರನ್ನು ಹೊತ್ತಿತು. 2012ರ ಕೊನೆಗೆ ತವರು ನದಿಗೆ ಮರಳಿ, 2013ರಿಂದ ಅಲ್ಲೇ ಓಡತೊಡಗಿತು.

ಇದರಲ್ಲಿ ಗುಟ್ಟೇನೂ ಇಲ್ಲ. ಹಡಗನ್ನು ದಂಡೆಗೆ ಕಟ್ಟಿ, ಬಣ್ಣ ಬಳಿದು, ಹಾರ ಹಾಕಿ ಕೂಡಿಸಲಿಲ್ಲ. ಟೈಮ್ ಟೇಬಲ್ ಹಾಕಿದರು, ಟಿಕೆಟ್ ಕೊಟ್ಟರು, ಬಂದ ದುಡ್ಡಿನಲ್ಲಿ ರಿಪೇರಿ ಮಾಡಿದರು.

ವಿಜಯಪುರ ಜಿಲ್ಲೆಗೂ ನೀರಿಗೆ ಬರವಿಲ್ಲ. ಆಲಮಟ್ಟಿಯಲ್ಲಿ 519.60 ಮೀಟರ್ ಮಟ್ಟಕ್ಕೆ 123 ಟಿಎಂಸಿ ಅಡಿ ಕೃಷ್ಣೆ ನಿಲ್ಲುತ್ತಾಳೆ. ಆ ನೀರಿಗೆ ಊರು ಬಿಟ್ಟವರು, ಹೊಲ ಬಿಟ್ಟವರು ಸಾವಿರಗಟ್ಟಲೆ. ನೋಡಲು ಹೋದ ಮಂದಿ ಉದ್ಯಾನ ಸುತ್ತಿ, ಫೋಟೋ ಹೊಡೆಸಿಕೊಂಡು ಬಸ್ಸು ಹತ್ತುತ್ತಾರೆ. ಹಿನ್ನೀರಿನ ಮೇಲೆ ಹೊತ್ತಿಗೆ ಸರಿಯಾಗಿ ಬಿಡುವ ಒಂದು ಪ್ರಯಾಣಿಕರ ಹಡಗು ಯಾಕಾಗಬಾರದು? ಉಗಿಯದೇ ಬೇಕೆಂಬ ಹಟವೇನಿಲ್ಲ. ಬೇಸಿಗೆಯಲ್ಲಿ ನೀರು ಇಳಿದರೂ ಆಳ ಉಳಿಯುವ ದಾರಿ ಆರಿಸಬೇಕು. ಬಸ್ಸು ರೈಲಿನ ವೇಳೆಗೆ ಹೊಂದಿಸಬೇಕು. ನೀರು ಬಲ್ಲ ಅಂಬಿಗರ ಹುಡುಗರಿಗೇ ತರಬೇತಿ ಕೊಟ್ಟು ನೌಕರಿ ಕೊಡಬೇಕು. ಹತ್ತಿದ ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೀಟು ಇರಲೇಬೇಕು. ಇದರಲ್ಲಿ ಚೌಕಾಸಿ ಸಲ್ಲದು.

ಹಡಗು ನಿಲ್ಲುವಲ್ಲಿ ಚಹಾದಂಗಡಿ ಏಳುತ್ತದೆ, ಚುರಮರಿ ಗಾಡಿ ಬರುತ್ತದೆ, ನಾಲ್ಕು ಮನೆಯ ಒಲೆ ಹತ್ತುತ್ತದೆ. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರವಾಸೋದ್ಯಮ ಇಲಾಖೆ ಮತ್ತು ಜಿಲ್ಲೆಯ ಶಾಸಕರು ಕೂತು ಲೆಕ್ಕ ಹಾಕಲಿ. ರಿಬ್ಬನ್ನು ಕತ್ತರಿಸಲು ಬರುವವರಿಗೆ ಕೊರತೆಯಿಲ್ಲ. ಮರುದಿನ ಮುಂಜಾನೆ ಟಿಕೆಟ್ ಹರಿಯಲು ಯಾರು ನಿಲ್ಲುತ್ತಾರೆ ಎಂಬುದನ್ನು ಮೊದಲು ಹೇಳಲಿ.